ವಲ್ಲಿಯ ಕೆಳಗಿನ ಬೆರಳು

ದನದ ಬಾಯಿ ತೆರೆದು, ಹಲ್ಲು ನೋಡಿ, ವಯಸ್ಸು ಹೇಳುವುದು ನನ್ನ ಕಸುಬು. ಆದ್ದರಿಂದ ವಿಜಾಪುರದ ಡಾಕ್ಟರು ನನ್ನ ತಂಗಿಯ ಎದೆ ಪರೀಕ್ಷೆ ಮುಗಿಸಿ, ಅವಳ ಬಾಯಿ ತೆರೆಸಿ ಒಂದೊಂದೇ ಹಲ್ಲು ತಟ್ಟಿ ನೋಡತೊಡಗಿದಾಗ ನನಗೆ ಸುಮ್ಮನಿರಲಾಗಲಿಲ್ಲ.

"ಸಾಹೇಬ್ರ, ಖರೀದಿ ಮಾಡಾವ್ರದೀರೇನ್ರಿ?" ಎಂದೆ.

ತಂಗಿ ಬಾಯಿ ತೆರೆದುಕೊಂಡೇ ನಕ್ಕಳು. ಡಾಕ್ಟರು ನಗಲಿಲ್ಲ. "ಹಿಂದಿನ ಎರಡು ಹಲ್ಲು ಕೊಳತಾವ. ಇವನ್ನ ಕೀಳಿಸಿ ಗಾಯ ಮಾಯೋ ತನಕ ಮುಂಬೈ ಆಪರೇಷನ್ನಿನ ಮಾತ ಬ್ಯಾಡ," ಎಂದರು.

ಹಲ್ಲಿಗೂ ಹೃದಯಕ್ಕೂ ಏನು ಸಂಬಂಧ ಎಂದು ಕೇಳಿದೆ. ಹಲ್ಲಿನ ಬುಡದ ಕೀವು ರಕ್ತಕ್ಕಿಳಿದರೆ ಅದು ಹೋಗಿ ಕೂರುವುದು ಹೃದಯದ ಕೆಟ್ಟ ಜಾಗದಲ್ಲೇ ಎಂದು ಅವರು ತಿಳಿಸಿ ಹೇಳಿದರು. ಅಂದಿನಿಂದ, ಎದೆಯ ಆಪರೇಷನ್‌ಗೆ ಹೊರಟವರು ಯಾರೇ ನನ್ನ ಬಳಿ ಬಂದರೂ ನಾನು ಮೊದಲು ಕೇಳುವುದು ಹಲ್ಲಿನ ವಿಚಾರ. ರೈಲಿನ ಟಿಕೆಟಿನ ಮಾತು ಆಮೇಲೆ.

ಇದು ಅರವತ್ತರ ದಶಕ ಆಗಷ್ಟೇ ಶುರುವಾಗಿದ್ದ ಕಾಲದ ಮಾತು. ನಾವು ಟಿಕೋಟಾದವರು. ಸಂತೆಯಲ್ಲಿ ಬೇರೆಯವರ ಎತ್ತಿನ ಹಗ್ಗ ಹಿಡಿದು ನಿಲ್ಲುವುದರಿಂದ ನನ್ನ ಬದುಕು ಶುರುವಾದದ್ದು. ಆಮೇಲೆ ದಲಾಲಿ ಕಲಿತೆ, ಸ್ವಂತ ವ್ಯಾಪಾರಕ್ಕಿಳಿದೆ, ವಿಜಾಪುರದಲ್ಲಿ ಅಥಣಿ ರಸ್ತೆಗೆ ಒಂದು ಮನೆ ಕಟ್ಟಿಕೊಂಡೆ. ತಂಗಿಯನ್ನು ಬಬಲೇಶ್ವರಕ್ಕೆ ಕೊಟ್ಟಿದ್ದೆವು. ಗಂಡ ಒಕ್ಕಲುತನದವನು, ಹೆಚ್ಚು ಮಾತಿಲ್ಲದ ಒಳ್ಳೆಯ ಮನುಷ್ಯ. ಮಾತೆಲ್ಲ ಅವನ ತಾಯಿಯ ಪಾಲಿಗೆ ಬಂದಿತ್ತು.

ಟಿಕೋಟಾದಲ್ಲಿ ಚಿಕ್ಕವಳಿದ್ದಾಗ ತಂಗಿಗೆ ಒಂದು ಜ್ವರ ಬಂದಿತ್ತು. ಮೊಣಕಾಲು, ಮೊಣಕೈ ಬಾತು ಎರಡು ತಿಂಗಳು ಮಲಗಿದ್ದಳು. ಎಣ್ಣೆ ಹಚ್ಚಿ ಕಾಸಿದೆವು, ವಾಸಿಯಾಯಿತು, ಮರೆತೆವು. ಆ ಜ್ವರ ಹೋಗುವಾಗ ಹೃದಯದ ಒಳಗಿನ ಒಂದು ಕವಾಟದ ಎರಡು ಎಸಳುಗಳನ್ನು ಒಂದಕ್ಕೊಂದು ಅಂಟಿಸಿ ಹೋಗಿತ್ತು. ರಕ್ತ ಮುಂದೆ ಹೋಗಲು ದಾರಿ ಸಾಲದೆ ಶ್ವಾಸಕೋಶದ ಕಡೆಗೆ ಹಿಂದೆ ಸರಿಯುತ್ತದೆ, ಅದಕ್ಕೇ ಏದುಸಿರು ಎಂದು ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು.

ನಮಗೆ ಅದು ಗೊತ್ತಾದದ್ದು ಬೇರೆ ಲೆಕ್ಕದಿಂದ. ಬಬಲೇಶ್ವರದ ಮನೆಯಿಂದ ಅವರ ಹೊಲಕ್ಕೆ ಬುತ್ತಿ ಒಯ್ಯುವ ದಾರಿ ಅಷ್ಟೇನೂ ದೂರವಲ್ಲ. ಮದುವೆಯಾದ ಹೊಸದರಲ್ಲಿ ಅವಳು ಒಂದೇ ಉಸಿರಿಗೆ ಹೋಗುತ್ತಿದ್ದಳು. ಆಮೇಲೆ ಬಾವಿಕಟ್ಟೆಯ ಹತ್ತಿರ ಒಮ್ಮೆ ಕೂರತೊಡಗಿದಳು. ಮರುವರ್ಷ ಬೇವಿನ ಗಿಡದ ಕೆಳಗೂ ಕೂರಬೇಕಾಯಿತು. ಆ ವರ್ಷ ಹೊಲದ ಬದುವಿನ ಬನ್ನಿ ಗಿಡದ ಕೆಳಗಿನ ಕಲ್ಲೂ ಸೇರಿತು. "ಅಣ್ಣಾ, ಮೂರು ಕಡೆ ಕುಂಡ್ರಬೇಕಾಗೈತಿ. ನಾ ಮುಟ್ಟೂದ್ರಾಗ ರೊಟ್ಟಿ ಒಣಗಿ ಖಟಿ ಆಗಿರ್ತಾವು," ಎಂದು ನನ್ನ ಮುಂದೆ ಹೇಳಿದಾಗ ಅವಳ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಅವಳಿಗಾಗ ಇಪ್ಪತ್ತೆರಡೋ ಇಪ್ಪತ್ಮೂರೋ.

ಹಲ್ಲಿನ ಆ ಪರೀಕ್ಷೆಗೂ ಮೊದಲೇ ಮುಂಬೈಗೆ ಒಮ್ಮೆ ಹೋಗಿ ಅಲ್ಲಿನ ದೊಡ್ಡ ಸರ್ಜನರಿಗೆ ತೋರಿಸಿಕೊಂಡು ಬಂದೆವು. ಅವರು ನಮ್ಮ ಡಾಕ್ಟರರ ಹೆಸರಿಗೆ ಕಾಗದ ಕೊಟ್ಟರು. ಆಪರೇಷನ್ ಆಗಬೇಕು, ಬರುವ ಮಳೆಗಾಲದೊಳಗೆ ಆಗಬೇಕು, ಆದರೆ ಈಗಿನ ಸ್ಥಿತಿಯಲ್ಲಿ ಆಗದು. ಹಲ್ಲು ಸರಿಯಾಗಬೇಕು, ರಕ್ತ ಏರಬೇಕು, ಮೈ ಹಿಡಿಯಬೇಕು, ಉಪ್ಪು ಬಿಡಬೇಕು, ಉಸಿರು ಎಳೆದು ಬಿಡುವುದು ಕಲಿಯಬೇಕು. ಇವಳು ತಯಾರಾಗಿದ್ದಾಳೆ ಎಂದು ವಿಜಾಪುರದ ಡಾಕ್ಟರು ಬರೆದು ಕಳಿಸಿದರೆ ಮಾತ್ರ ಹಾಸಿಗೆ ಸಿಗುತ್ತದೆ. ಹೀಗೆ ನನ್ನ ತಂಗಿಯ ಜೀವ ಒಂದು ಕಾಗದಕ್ಕೆ ಬಂದು ನಿಂತಿತು.

ಮುಂಬೈ ಸರ್ಜನರ ಕಾಗದದ ಮಾತುಗಳಲ್ಲಿ 'ಮೈ ಹಿಡಿಯಬೇಕು' ಎಂಬುದೊಂದೇ ನನಗೆ ಚೆನ್ನಾಗಿ ಅರ್ಥವಾದದ್ದು. ದನ ಮೈ ಹಿಡಿಸಿ ಮಾರುವವನಿಗೆ ಅದೇನು ಹೊಸದೇ? ಮಮದಾಪುರದ ಕಡೆ ಎಮ್ಮೆ ನೋಡಲು ಹೋಗುವಾಗೆಲ್ಲ ಬಬಲೇಶ್ವರದಲ್ಲಿ ಬಸ್ಸಿಳಿದು ತುಪ್ಪ, ಬೆಲ್ಲ, ಶೇಂಗಾ ಕೊಟ್ಟು ಹೋಗುತ್ತಿದ್ದೆ. ಬೀಗತಿ ಸೊಸೆಯನ್ನು ಒಲೆಯ ಮುಂದೆ ಬರಗೊಡದೆ ಕೂರಿಸಿ ಉಣಿಸುತ್ತಿದ್ದಳು. ನಾನು ತಂಗಿಯನ್ನು ವಿಜಾಪುರಕ್ಕೆ ಕರೆತಂದಾಗ ಗುರುತಿನ ದಲಾಲಿ ಅಂಗಡಿಯಲ್ಲಿ ಶೇಂಗಾ ಚೀಲ ತೂಗುವ ದೊಡ್ಡ ತಕ್ಕಡಿಯಲ್ಲಿ ಕೂರಿಸಿ ತೂಗಿಸಿದೆ. ಹೊಸ ಕಿಲೋ ಕಲ್ಲುಗಳು ಆಗ ಬಂದಿದ್ದವು. ಮೂರು ವಾರ ಬಿಟ್ಟು ಮತ್ತೆ ತೂಗಿಸಿದರೆ ಆರು ಕಿಲೋ ಹೆಚ್ಚು! ಆರು ಕಿಲೋ ಎಂದರೆ ಏನು! ನಾನು ಎದೆಯುಬ್ಬಿಸಿಕೊಂಡು ಅವಳನ್ನೂ ಬೀಗತಿಯನ್ನೂ ಡಾಕ್ಟರ ಮುಂದೆ ನಿಲ್ಲಿಸಿದೆ.

"ಸಾಹೇಬ್ರ, ಮಾಲು ತಯಾರೈತಿ. ಕಾಗದ ಬರೀರಿ."

ಡಾಕ್ಟರು ತಕ್ಕಡಿಯ ಲೆಕ್ಕ ಕೇಳಲೇ ಇಲ್ಲ. ತಂಗಿಯ ಮೊಣಕಾಲ ಕೆಳಗೆ ಎಲುಬಿನ ಮೇಲೆ ಹೆಬ್ಬೆಟ್ಟು ಒತ್ತಿ ಹಿಡಿದು ಬಿಟ್ಟರು. ನಾದಿದ ಜೋಳದ ಹಿಟ್ಟಿನಲ್ಲಿ ಒತ್ತಿದ ಹಾಗೆ ಗುಳಿ ಬಿತ್ತು. ಅದು ಮೇಲೇಳಲಿಲ್ಲ.

"ಇದು ಮೈ ಅಲ್ಲಪಾ, ನೀರು. ಉಪ್ಪು ಬಿಡ್ರಿ ಅಂದಿದ್ದೆ ಹೌದಲ್ಲೋ?"

ಬೀಗತಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಯಪ್ಪಾ, ಆಣಿ ಮಾಡಿ ಹೇಳತೀನಿ. ಆಕಿ ಸಾರಿಗೆ ಒಂದು ಹರಳ ಉಪ್ಪು ಹಾಕಿಲ್ಲ, ಪಲ್ಲೆಕ್ಕ ಹಾಕಿಲ್ಲ."

"ಸಪ್ಪನ್ನ ಊಟ ಆಕಿ ಉಂಡ್ಲೇನು?"

"ಹೆಂಗ ಉಣ್ತಾಳ್ರಿ? ಅದಕ್ಕ ಬಾಯಿಗೆ ರುಚಿಗಂತ ಒಂದೀಟು ಉಪ್ಪಿನಕಾಯಿ, ಒಂದೀಟು ರಂಜಕ, ನಾಕು ಹಪ್ಪಳ, ಮತ್ತ ಸಂಡಿಗಿ..."

ಡಾಕ್ಟರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ನಮ್ಮಲ್ಲಿ ಉಪ್ಪು ಅಂದರೆ ಒಲೆಯ ಮೇಲಿನ ಗಡಿಗೆಗೆ ಬೀಳುವುದಷ್ಟೇ. ಭರಣಿಯೊಳಗೆ ಮೊದಲೇ ಬಿದ್ದದ್ದನ್ನು ಉಪ್ಪು ಎಂದು ಯಾರೂ ಎಣಿಸುವುದಿಲ್ಲ. ಬೀಗತಿ ಗಡಿಗೆಗೆ ಹಾಕದೆ ಉಳಿಸಿದ ಉಪ್ಪಿನ ನಾಲ್ಕರಷ್ಟನ್ನು ತಾಟಿನ ಅಂಚಿನಲ್ಲಿ ಇಟ್ಟು ಉಣಿಸಿದ್ದಳು. ಅದೂ ಪ್ರೀತಿಯಿಂದ.

ಆದರೆ ಆ ದಿನ ತಲೆ ತಗ್ಗಿಸಬೇಕಾದವನು ನಾನು. ಸಂತೆಯ ಹಿಂದಿನ ದಿನ ಬಡಕಲು ಎಮ್ಮೆಗೆ ಉಪ್ಪು ತಿನ್ನಿಸಿ, ಹೊಟ್ಟೆ ತುಂಬ ನೀರು ಕುಡಿಸಿ, ಮೈ ತುಂಬಿದೆ ಎಂದು ತೋರಿಸಿ ಮಾರುವ ಜನ ಇದ್ದಾರೆ. ಅಂಥ ಎಮ್ಮೆಯನ್ನು ಹತ್ತು ಮಾರು ದೂರದಿಂದ ಗುರುತಿಸುತ್ತೇನೆ ಎಂದು ನನಗೆ ಜಂಬ. ಕಣ್ಣ ಮುಂದೆ ನನ್ನ ತಂಗಿಯೇ ನೀರು ತುಂಬಿಕೊಂಡು ನಿಂತಿದ್ದರೆ ನಾನು ತಕ್ಕಡಿ ನೋಡಿ ಕುಣಿದಿದ್ದೆ. ಬೇಕೆಂದು ಬಯಸಿದ ಲೆಕ್ಕ ತಕ್ಕಡಿ ತೋರಿಸಿದಾಗ ಯಾರೂ ಮಾಲಿಗೆ ಬೆರಳು ಒತ್ತಿ ನೋಡುವುದಿಲ್ಲ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ.

"ಕಾಗದ ಬರಿಯಂಗಿಲ್ಲ," ಎಂದರು ಡಾಕ್ಟರು. "ಮುಂದಿನ ತಿಂಗಳ ಕಡೀಗೆ ಹಾಸಿಗಿ ಐತಿ. ಅಷ್ಟರಾಗ ಈ ನೀರು ಇಳೀಬೇಕು. ಇಲ್ಲಂದ್ರ ಮಳೆಗಾಲ ಬರತೈತಿ. ಆಮ್ಯಾಲೆ ಕೆಮ್ಮು ಹಿಡದ್ರ ನನ್ನ ಕೈಯಾಗ ಇರಂಗಿಲ್ಲ."

ತಂಗಿಯನ್ನು ಬಬಲೇಶ್ವರಕ್ಕೆ ಕಳಿಸಲಿಲ್ಲ. ಅಥಣಿ ರಸ್ತೆಯ ನಮ್ಮ ಮನೆಯಲ್ಲೇ ಇರಿಸಿಕೊಂಡೆ. ಬೀಗತಿ ತಾನೂ ಇರುತ್ತೇನೆ ಎಂದು ಗಂಟು ಇಳಿಸಿದಳು. ತಪ್ಪು ಮಾಡಿದವಳೇ ತಿದ್ದಬೇಕು ಎಂಬ ಹಟ ಅವಳದು. ನನ್ನ ಹೆಂಡತಿ ಜಾಣೆ, ಒಲೆ ಬಿಟ್ಟುಕೊಟ್ಟಳು.

ಬಿಡು ಎಂದರೆ ಯಾರೂ ಏನನ್ನೂ ಬಿಡುವುದಿಲ್ಲ, ಬದಲಿಗೆ ಏನು ಕೊಡುತ್ತೀ ಎಂದು ಕೇಳುತ್ತಾರೆ. ನಾನು ಉಪ್ಪಿನಕಾಯಿಯ ಭರಣಿ ತೆಗೆಸಿ ಇಂಡಿ ಕಡೆಯ ನಿಂಬೆಹಣ್ಣು ತಂದಿಟ್ಟೆ. ಕೆಂಪು ಮೆಣಸಿನಕಾಯಿಯ ರಂಜಕದ ಬದಲು ಬೆಳ್ಳುಳ್ಳಿ ಹೆಚ್ಚು ಹಾಕಿ ಕುಟ್ಟಿದ ಗುರೆಳ್ಳಿನ ಚಟ್ನಿ, ಹಪ್ಪಳದ ಬದಲು ಸುಟ್ಟ ಹಸಿಮೆಣಸಿನಕಾಯಿ. ಒಂದು ಹರಳು ಉಪ್ಪಿಲ್ಲ. ಬೀಗತಿ ಮೊದಲು ತಾನು ಉಂಡು ನೋಡಿ, "ಬೀಗರ, ಇದು ಬಾಯಾಗ ಹತ್ತಿ ಅಗದಂಗ ಆಕೈತಿ," ಎನ್ನುತ್ತಿದ್ದಳು. ಆದರೂ ಸೊಸೆಯ ಜೊತೆ ತಾನೂ ಅದನ್ನೇ ಉಂಡಳು. ಅವಳು ಉಂಡದ್ದರಿಂದ ತಂಗಿಗೆ ಬೇಡ ಎನ್ನುವ ಧೈರ್ಯ ಬರಲಿಲ್ಲ.

ಡಾಕ್ಟರು ಮೂತ್ರ ಹೆಚ್ಚು ಹೋಗುವ ಗುಳಿಗೆ ಕೊಟ್ಟರು. ದಿನ ಬಿಟ್ಟು ದಿನ ಬೆಳಿಗ್ಗೆ ಟಾಂಗಾದಲ್ಲಿ ತಕ್ಕಡಿಗೆ ಕರೆದೊಯ್ಯುತ್ತಿದ್ದೆ. ಅಂಗಡಿಯ ತೂಕದವನು ಒಂದು ದಿನ ಕಲ್ಲು ತೆಗೆಯುತ್ತ ಕೇಳಿದ:

"ಏನ್ ಸಾವಕಾರ್ರ, ಹ್ವಾದ ಸಲಕಿಂತ ಕಮ್ಮಿ ಆಗೈತಿ ಮಾಲು. ಲುಕ್ಸಾನ ಅಲ್ಲೇನ್ರಿ?"

"ಲೇ, ಈ ಮಾಲು ಇಳದಷ್ಟೂ ಲಾಭ. ನೀ ಕಲ್ಲು ನೋಡಿ ಹೇಳು."

"ಅಣ್ಣಾ, ನಾ ಮಾಲೇನು?" ಎಂದು ತಂಗಿ ತಕ್ಕಡಿಯ ತಟ್ಟೆಯಲ್ಲಿ ಸರಪಳಿ ಹಿಡಿದು ಕೂತುಕೊಂಡೇ ಮುಖ ಊದಿಸಿದಳು. "ಒಂದು ದಿನಾ ನಿನ್ನೂ ಇದ್ರಾಗ ಕುಂಡ್ರಸ್ತೀನಿ. ಎಷ್ಟು ಚೀಲ ಶೇಂಗಾ ಅದಿ ನೋಡೋಣು."

ಉಸಿರಿನ ಅಭ್ಯಾಸದಲ್ಲಿ ಮಾತ್ರ ನನ್ನ ತಲೆ ಓಡಿತು. ಎದೆ ಕೊಯ್ದ ಮೇಲೆ ನೋವಿಗೆ ಹೆದರಿ ರೋಗಿ ಮೇಲುಮೇಲೆಯೇ ಉಸಿರಾಡುತ್ತಾಳೆ, ಕಫ ಒಳಗೇ ನಿಲ್ಲುತ್ತದೆ, ಅದಕ್ಕೆ ಮೊದಲೇ ಆಳವಾಗಿ ಉಸಿರೆಳೆದು ನಿಧಾನವಾಗಿ ಊದುವುದು ಕಲಿಸಿ ಎಂದು ಡಾಕ್ಟರು ಹೇಳಿದ್ದರು. ಬರೀ ಗಾಳಿ ಊದು ಎಂದರೆ ತಂಗಿಗೆ ನಾಚಿಕೆ. ನಾನು ಒಲೆ ಊದುವ ಕಬ್ಬಿಣದ ಊದುಗೊಳವೆಯನ್ನು ತೊಳೆದು ಕೈಗೆ ಕೊಟ್ಟು, ಮುಂದೆ ಒಂದು ಬಕೆಟ್ ನೀರು ಇಟ್ಟೆ. ಒಂದು ತುದಿ ಬಾಯಲ್ಲಿ, ಇನ್ನೊಂದು ನೀರೊಳಗೆ. ಗುಳುಗುಳು ಸದ್ದು ಎಷ್ಟು ಹೊತ್ತು ಬರುತ್ತದೆ ಎಂದು ಬೀಗತಿ ಎಣಿಸಬೇಕು. ಮೊದಲ ದಿನ ಆರಕ್ಕೆ ನಿಂತಿತು. ಎರಡು ವಾರಕ್ಕೆ ಹದಿನಾಲ್ಕಕ್ಕೆ ಬಂತು. ಡಾಕ್ಟರು ಇದನ್ನು ಕೇಳಿ ತಮ್ಮ ಬೇರೆ ರೋಗಿಗಳಿಗೂ ಹೇಳುತ್ತೇನೆ ಎಂದರು. ಹೊಗೆಯಿರುವ ಒಲೆಯ ಹತ್ತಿರ ಮಾತ್ರ ಊದಬೇಡಿ, ಅಷ್ಟೇ.

ಎಡ ಪಕ್ಕೆಗೆ ದಿಂಬು ಒತ್ತಿ ಹಿಡಿದು ಕೆಮ್ಮುವ ಅಭ್ಯಾಸವನ್ನು ಬೀಗತಿ ಒಪ್ಪಲಿಲ್ಲ. "ಇಲ್ಲದ ಕೆಮ್ಮು ಕರದು ಮನ್ಯಾಗ ಕುಂಡ್ರಸ್ತೀರೇನು?" ಎಂದು ಜಗಳಕ್ಕೆ ಬಂದಳು. ಆಮೇಲೆ ತಾನೇ ಹಳೆಯ ಸೀರೆಗಳನ್ನು ಮಡಚಿ ಪಕ್ಕೆಗೆ ಸರಿಯಾಗಿ ಕೂರುವ ಚಿಕ್ಕ ದಿಂಬು ಹೊಲಿದು ಕೊಟ್ಟಳು.

ತಿಂಗಳು ತುಂಬುವ ಮೊದಲೇ ಹೆಬ್ಬೆಟ್ಟಿನ ಗುಳಿ ಬೀಳುವುದು ನಿಂತಿತು. ಏರಿದ್ದ ಆರು ಕಿಲೋ ಹೋಗಿ, ಅದರ ಮೇಲೆ, ಮೊದಲಿಂದಲೇ ತುಂಬಿದ್ದ ನೀರು, ಇನ್ನೆರಡು ಕಿಲೋ ಹೋಗಿತ್ತು. ಹಲ್ಲಿನ ಗಾಯ ಮಾಯ್ದಿತ್ತು, ತುಟಿಯ ಬಣ್ಣ ತಿಳಿಯಾಗಿತ್ತು. ಡಾಕ್ಟರು ಕಾಲು ಒತ್ತಿ ನೋಡಿ, ಎದೆ ಕೇಳಿ, ಕಾಗದ ತೆಗೆದು ಬರೆಯಲು ಕೂತರು. ಅಷ್ಟರಲ್ಲಿ ತಂಗಿ ಕೇಳಿದಳು:

"ಸಾಹೇಬ್ರ, ಒಳಗ ಚಾಕು ಹೆಂಗ ಹಾಕತಾರ್ರಿ?"

ಅವರು ಸುಳ್ಳು ಹೇಳುವವರಲ್ಲ. ಎಡ ಪಕ್ಕೆಯಲ್ಲಿ ಎಲುಬಿನ ನಡುವೆ ದಾರಿ ಮಾಡುತ್ತಾರೆ, ನಿನಗೆ ಎಚ್ಚರವಿರುವುದಿಲ್ಲ ಎಂದರು. ಆಮೇಲೆ ಸರ್ಜನರು ಬಡಿಯುತ್ತಿರುವ ಹೃದಯದೊಳಗೆ ತಮ್ಮ ತೋರುಬೆರಳು ಹಾಕಿ, ಅಂಟಿದ ಎಸಳುಗಳನ್ನು ಬೆರಳಿನಿಂದಲೇ ಬಿಡಿಸುತ್ತಾರೆ. ಒಳಗೆ ರಕ್ತ ತುಂಬಿರುತ್ತದೆ, ಕಣ್ಣಿಗೆ ಏನೂ ಕಾಣದು. ಬೆರಳಿಗೆ ತಿಳಿಯುತ್ತದೆ.

ತಂಗಿ ಮನೆಗೆ ಬಂದು ಬಕೆಟ್ಟಿನ ನೀರು ಚೆಲ್ಲಿ ಊದುಗೊಳವೆಯನ್ನು ಒಲೆಯ ಬಳಿ ಇಟ್ಟುಬಿಟ್ಟಳು.

"ನಾ ಒಲ್ಲೆ. ಕಣ್ಣಿಲೆ ನೋಡದ ಎದ್ಯಾಗ ಬೆರಳ ಹಾಕತಾನಂತ. ಕಣ್ಣ ಕಟಗೊಂಡ ಆಡೋ ಆಟ ಏನಿದು?"

ಎರಡು ದಿನ ನಾನು ಮಾತಾಡಿದೆ. ಸಂತೆಯಲ್ಲಿ ಕಲ್ಲನ್ನೂ ಮಾರಬಲ್ಲೆ ಎಂದು ಜನ ನನ್ನ ಬಗ್ಗೆ ಹೇಳುತ್ತಿದ್ದರು. ಅವಳ ಮುಂದೆ ನನ್ನ ಯಾವ ಮಾತೂ ನಡೆಯಲಿಲ್ಲ. ಕಾಗದ ಆಗಲೇ ಮುಂಬೈಗೆ ಹೋಗಿತ್ತು. ದೇಹವನ್ನು ತಯಾರು ಮಾಡಲು ಒಂದು ತಿಂಗಳು ಹಿಡಿದಿತ್ತು. ಮನಸ್ಸಿಗೆ ಉಳಿದದ್ದು ಎಂಟು ದಿನ.

ಮೂರನೆಯ ದಿನ ಬೀಗತಿ ರೊಟ್ಟಿ ಬಡಿಯುತ್ತ, ಸೊಸೆಯ ಕಡೆ ತಿರುಗದೆಯೇ ಹೇಳಿದಳು: "ಹ್ವಾದ ವರ್ಷ ನಮ್ಮ ಕರಿ ಎಮ್ಮಿ ಈಯಲಾರದ ಬಿದ್ದಿತ್ತಲ್ಲ, ಕರು ಅಡ್ಡಾಗಿ. ನೀನ ಕಂದೀಲ ಹಿಡದಿದ್ದಿ. ನಾ ಮೊಣಕೈ ತನಕ ಕೈ ಹಾಕಿ ಕರು ತಿರವಿ ತಗದೆ. ಆವಾಗ ಕಣ್ಣೇನು ಒಳಗ ಇಟ್ಟಿದ್ನ್ಯಾ?"

ನಾನು ಅದೇ ಹೊತ್ತಿಗೆ ಹೆಗಲ ಮೇಲಿನ ವಲ್ಲಿ ತೆಗೆದು ತಂಗಿಯ ಕೈಯ ಮೇಲೆ ಹಾಕಿ, ಅದರ ಕೆಳಗೆ ನನ್ನ ಕೈ ಸೇರಿಸಿದೆ. ದನದ ಸಂತೆಯಲ್ಲಿ ನಾವು ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕೈಗಳ ಮೇಲೆ ವಲ್ಲಿ ಮುಚ್ಚಿ, ಎದುರಿನವನ ಬೆರಳು ಹಿಡಿದು ಹೇಳುತ್ತೇವೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಅಂಗೈ ಹಿಡಿದರೆ ಐದು. ಸುತ್ತ ನಿಂತವರಿಗೆ ಏನೂ ಕಾಣದು. ಟಿಕೋಟಾದಲ್ಲಿ ಚಿಕ್ಕವರಿದ್ದಾಗ ನಾವಿಬ್ಬರೂ ಹೊದೆಯುವ ಕೌದಿಯೊಳಗೆ ಕೈ ಹಾಕಿ ಹುಣಸೆಬೀಜಕ್ಕೆ ಹೀಗೆ ಚೌಕಾಸಿ ಮಾಡುತ್ತಿದ್ದೆವು.

"ನೋಡು," ಎಂದೆ. "ವಲ್ಲಿ ಕೆಳಗ ನಾ ಎಂದಾರ ನೋಡೇನೇನು? ಎದುರಿನವನ ಬೆರಳ ಹಿಡದ್ರ ಅವನ ಬೆಲಿ ತಿಳೀತೈತಿ, ಅಂವಾ ಅಂಜ್ಯಾನೋ ಇಲ್ಲೋ ಅದೂ ತಿಳೀತೈತಿ. ಇಷ್ಟು ವರ್ಷ ಈ ಬೆರಳಿಂದನ ನಾವು ಉಂಡೀವಿ. ಆ ಡಾಕ್ಟರಂದೂ ಇದ ಕಸಬು."

ತಂಗಿ ಬಹಳ ಹೊತ್ತು ನನ್ನ ಕೈ ಹಿಡಿದೇ ಇದ್ದಳು. ಆಮೇಲೆ, "ಹಂಗಾರ ಆ ಡಾಕ್ಟರನ ಬೆರಳ ಮೊದಲ ನಾ ಹಿಡದ ನೋಡಬೇಕು. ನನಗ ಸರಿ ಅನಸಿದ್ರ ಅಷ್ಟ," ಎಂದಳು.

ನಾನು ಮುಖದಲ್ಲಿ ಏನೂ ತೋರಿಸಲಿಲ್ಲ. ಆದರೆ ಒಳಗೆ ಸಮಾಧಾನವಾಗಿಹೋಗಿತ್ತು. ನಿಜವಾಗಿ ಬೇಡವಾದವರು ಶರತ್ತು ಹಾಕುವುದಿಲ್ಲ, ಎದ್ದು ಹೋಗುತ್ತಾರೆ. ಸಾಯಂಕಾಲ ಮತ್ತೆ ಬಕೆಟ್ಟಿನಲ್ಲಿ ಗುಳುಗುಳು ಕೇಳಿಸಿತು.

ಉಳಿದ ದಿನಗಳಲ್ಲಿ ಇನ್ನೊಂದು ಕರಾರು ಮಾಡಿಕೊಂಡೆವು. ಆಪರೇಷನ್ ಆದ ಮೇಲೆ ಮೂಗು ಬಾಯಿಗೆ ಗಾಳಿಯ ಮುಖವಾಡ ಇರುತ್ತದೆ, ಮಾತು ಆಗದು ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ನೋವು ಎಷ್ಟಿದೆ ಎಂಬುದನ್ನು ಬೆರಳಿನಲ್ಲಿ ಹೇಳಬೇಕು. ಒಂದು ಹಿಡಿದರೆ ತಡೆಯಬಲ್ಲೆ, ಮೂರು ಹಿಡಿದರೆ ನರ್ಸನ್ನು ಕರೆ. ರೋಗಿಗೆ ತನ್ನ ಮಾತು ತಲುಪಿಸಲು ಒಂದು ದಾರಿ ಮೊದಲೇ ಮಾಡಿಕೊಡಿ. ಅರ್ಧ ಹೆದರಿಕೆ ಅಲ್ಲಿಗೇ ಇಳಿಯುತ್ತದೆ. ನಾನು ಕಂಡ ಮಾತಿದು.

ಮುಂಬೈಗೆ ನಾನು, ತಂಗಿ, ಅವಳ ಗಂಡ ಮೂವರೂ ಹೋದೆವು. ನಾನೂ ಅವಳ ಗಂಡನೂ ಒಂದೊಂದು ಬಾಟಲಿ ರಕ್ತ ಕೊಟ್ಟೆವು. ಆಪರೇಷನ್ನಿನ ಹಿಂದಿನ ದಿನ ಸರ್ಜನರು ವಾರ್ಡಿಗೆ ಬಂದಾಗ ನಾನು ಕೈಮುಗಿದು, ನನಗೆ ಬರುವ ಸಂತೆಯ ಮರಾಠಿಯಲ್ಲಿ, ತಂಗಿಯ ಶರತ್ತನ್ನು ಹೇಳಿದೆ. ಬೈದರೆ ಬೈಸಿಕೊಳ್ಳಲು ತಯಾರಾಗಿದ್ದೆ. ಅವರು ಒಂದು ಗಳಿಗೆ ನನ್ನನ್ನು ನೋಡಿದರು, ಹಾಸಿಗೆಯ ಅಂಚಿಗೆ ಕೂತರು, ಬಲಗೈ ಚಾಚಿದರು. ನಾನು ವಲ್ಲಿ ಮುಚ್ಚಿದೆ.

ತಂಗಿ ಕಣ್ಣು ಮುಚ್ಚಿ ಅವರ ತೋರುಬೆರಳನ್ನು ಹಿಡಿದಳು. ತುದಿಯಿಂದ ಬುಡದವರೆಗೆ ಮೆಲ್ಲಗೆ ಒತ್ತಿ ನೋಡಿದಳೆಂದು ವಲ್ಲಿಯ ಅಲುಗಾಟದಿಂದಲೇ ನನಗೆ ಗೊತ್ತಾಯಿತು. ನಾನು ಎತ್ತಿನ ಕಾಲು ನೋಡುವುದೂ ಹೀಗೇ. ಸರ್ಜನರು ಕೈ ಎಳೆದುಕೊಳ್ಳಲಿಲ್ಲ, ಅವಸರ ಮಾಡಲಿಲ್ಲ.

"ಕಾಯ್ ಠರಲಂ?" ಎಂದು ನನ್ನನ್ನು ಕೇಳಿದರು, ಏನು ತೀರ್ಮಾನವಾಯಿತು ಎಂದು.

ನಾನು ತಂಗಿಯ ಕಡೆ ನೋಡಿದೆ. "ಬೆಚ್ಚಗ ಐತಿ. ನಡುಗಂಗಿಲ್ಲ," ಎಂದಳು ಅವಳು. "ಆಗಲಿ ಅನ್ನಣ್ಣ."

ಮರುದಿನ ನಾವಿಬ್ಬರು ಗಂಡಸರು ಹೊರಗಿನ ಬಾಕಿನ ಮೇಲೆ ಕೂತಿದ್ದೆವು. ಮಧ್ಯಾಹ್ನ ಸರ್ಜನರೇ ಬಂದು, ಕವಾಟ ಚೆನ್ನಾಗಿ ಬಿಟ್ಟುಕೊಂಡಿತು ಎಂದು ತೋರುಬೆರಳು ಎತ್ತಿ ತೋರಿಸಿದರು. ಒಬ್ಬರೇ ಒಳಗೆ ಬರಬಹುದು ಎಂದಾಗ ತಂಗಿಯ ಗಂಡ ನನ್ನನ್ನು ಮುಂದೆ ತಳ್ಳಿದ. ಬೆರಳ ಭಾಷೆ ಬರುವುದು ನನಗೆ ತಾನೇ.

ಮುಖವಾಡದ ಮೇಲೆ ಅವಳ ಕಣ್ಣು ಅರ್ಧ ತೆರೆದಿದ್ದವು. ಹೊದಿಕೆಯ ಕೆಳಗೆ ಕೈ ಸೇರಿಸಿದೆ. ಅವಳು ಮೂರು ಬೆರಳು ಹಿಡಿದಳು. ನನಗೆ ಅಭ್ಯಾಸಬಲ, ಸುಮ್ಮನಿರದೆ ಅವಳ ಎರಡು ಬೆರಳು ಒತ್ತಿದೆ. ಅವಳು ಕಣ್ಣು ಪೂರ್ತಿ ತೆರೆದು ನನ್ನನ್ನು ದಿಟ್ಟಿಸಿ, ಮತ್ತೆ ಮೂರನ್ನೇ, ಈ ಸಲ ಉಗುರು ನಾಟುವಂತೆ ಹಿಡಿದಳು. ನಾನು ಒಪ್ಪಿಕೊಂಡು ನರ್ಸನ್ನು ಕರೆದೆ. ಚೌಕಾಸಿಯಲ್ಲಿ ಸೋತು ನಗುತ್ತ ಎದ್ದದ್ದು ಅದೊಂದೇ ಸಲ.

ಆ ಮಳೆಗಾಲ ಕಳೆದು, ಜೋಳ ಸೊಂಟದೆತ್ತರ ಬಂದಾಗ ಬಬಲೇಶ್ವರಕ್ಕೆ ಹೋಗಿದ್ದೆ. ಬೀಗತಿ ಬುತ್ತಿ ಕಟ್ಟುತ್ತಿದ್ದಳು. ತಂಗಿ ಅದನ್ನು ತಲೆಯ ಮೇಲಿಟ್ಟುಕೊಂಡು, "ಬಾ ಅಣ್ಣಾ, ಹೊಲ ನೋಡೀಯಂತ," ಎಂದಳು. ನಾನು ಹಿಂದೆ ಹೊರಟೆ. ಬಾವಿಕಟ್ಟೆ ಬಂತು, ಅವಳು ಅತ್ತ ನೋಡಲೂ ಇಲ್ಲ. ಬೇವಿನ ಗಿಡ ದಾಟಿದಳು. ವ್ಯಾಪಾರ ಕುದುರಿದ ಮೇಲೆ ನಾನು ನಡೆಯುವುದು ಬಿಟ್ಟು ಬರೀ ಬಸ್ಸು ಟಾಂಗಾ ಹತ್ತಿದವನು. ಬನ್ನಿ ಗಿಡದ ಹತ್ತಿರ ಬರುವಷ್ಟರಲ್ಲಿ ನನ್ನ ಏದುಸಿರು ಅವಳಿಗೆ ಕೇಳಿಸಿರಬೇಕು, ತಿರುಗಿ ನಿಂತಳು.

"ಯಾಕಣ್ಣ, ಕುಂಡ್ರತಿ ಏನು? ಊದುಗೊಳವಿ ತರಲ್ಯಾ?"

"ಹೋಗ ನೀ, ರೊಟ್ಟಿ ಖಟಿ ಆಗತಾವು," ಎಂದೆ.

ಅವಳು ನಗುತ್ತ ಜೋಳದ ನಡುವೆ ಹೋದಳು. ನಾನು ಗಿಡದ ಕೆಳಗಿನ ಕಲ್ಲಿನ ಮೇಲೆ ಕೂತೆ. ನೆರಳು ಚೆನ್ನಾಗಿತ್ತು, ಕಲ್ಲು ಸಮನಾಗಿತ್ತು. ಕೂರಲು ಒಳ್ಳೆಯ ಜಾಗವನ್ನೇ ಆರಿಸಿಕೊಂಡಿದ್ದಳು.